ಗಾಡಿಗೆ ತಕ್ಕ ದಾರಿ, ಘಟ್ಟಕ್ಕೆ ತಕ್ಕ ಗಾಡಿ

(ಬೊಮ್ಮನಹಳ್ಳಿಯಲ್ಲಿ ನಡೆದ ಗುಡ್ಡಗಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಲೆನಾಡಿನ ನಿವಾಸಿಯಾದ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಇಂದು ನನಗೆ ಕೊಟ್ಟಿರುವ ವಿಷಯ ಸ್ವಲ್ಪ ವಿಚಿತ್ರವಾದುದು. ಮಣ್ಣಿನ ಹುಳಿಯ ಬಗೆಗೋ ಅಡಿಕೆಯ ಕೊಳೆರೋಗದ ಬಗೆಗೋ ಮಾತನಾಡಬೇಕಾದವನು ರಸ್ತೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಕಾರಣ ನಿಮಗೆ ತಿಳಿದೇ ಇದೆ. ನಮ್ಮ ಬಳಗವು ಇಲ್ಲಿಯೇ, ಬೊಮ್ಮನಹಳ್ಳಿಯ ಒಂದು ಶೆಡ್ಡಿನಲ್ಲಿ, ಜೀಪಿನ ಹಿಂದೆ ಕಟ್ಟಿಕೊಂಡು ಎಳೆಯುವ ಒಂದು ಮನೆಗಾಡಿಯನ್ನು ಮಾಡಿಸಿದೆ. ಅದರಲ್ಲಿ ಮಣ್ಣು ಪರೀಕ್ಷೆಯ ಸಾಮಗ್ರಿ, ಬೀಜಗಳ ಸಂಗ್ರಹ, ಒಂದಿಷ್ಟು ಪುಸ್ತಕಗಳು ಹಾಗೂ ಇಬ್ಬರು ಮಲಗುವಷ್ಟು ಜಾಗ ಇವೆ. ಹೊರದೇಶಗಳಲ್ಲಿ ಜನ ರಜೆ ಕಳೆಯಲು ಎಳೆದೊಯ್ಯುವ ಕ್ಯಾರವಾನ್ ಎಂಬುದರ ಬಡ ತಮ್ಮ ಇದು ಎನ್ನಬಹುದು. ಇದನ್ನು ಮಲೆನಾಡಿನ ಹಳ್ಳಿಗಳಿಗೆ ಯಾವ ದಾರಿಯಲ್ಲಿ ಒಯ್ಯಬೇಕು ಎಂಬುದೇ ಪ್ರಶ್ನೆ.

ಇದು ನಮ್ಮೊಂದು ಗಾಡಿಯ ಪ್ರಶ್ನೆ ಮಾತ್ರವಲ್ಲ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನು ಪ್ರಕಟಿಸಿತು. ನಮ್ಮ ರಾಜ್ಯದಲ್ಲಿಯೂ ಆ ಮಾತು ಕೇಳಿಬರುತ್ತಿದೆ. ನಮ್ಮ ದೇಶದಲ್ಲಿ ಇಂತಹ ವಾಹನಗಳಲ್ಲಿ ಹೆಚ್ಚಿನವು ಒಂದೇ ಮೈಯ ವ್ಯಾನುಗಳು. ಹಿಂದೆ ಕಟ್ಟಿ ಎಳೆಯುವವು ವಿರಳ. ಆದರೆ ಹಳ್ಳಿಯವರಿಗೆ ಎಳೆಗಾಡಿ ಹೊಸದಲ್ಲ. ಟ್ರ್ಯಾಕ್ಟರಿನ ಹಿಂದಿನ ಟ್ರೈಲರ್ ಎಳೆಗಾಡಿಯೇ. ಅದಕ್ಕೂ ಮುಂಚಿನ ಎತ್ತಿನ ಗಾಡಿಯೂ ಅದೇ. ಆದುದರಿಂದ ನಾನು ಹೇಳುವುದು ಗೊಬ್ಬರ ಒಯ್ಯುವ ರೈತನಿಗೂ ಅನ್ವಯಿಸುತ್ತದೆ, ನಾಳೆ ಬಾಡಿಗೆಯ ಕ್ಯಾರವಾನ್ ಎಳೆದುಕೊಂಡು ನಮ್ಮ ಊರಿಗೆ ಬರುವ ಪ್ರವಾಸಿಗನಿಗೂ ಅನ್ವಯಿಸುತ್ತದೆ.

ಒಂದು ತಪ್ಪಿನ ಕಥೆ

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿದ ಹೊಸತು. ನಮ್ಮ ಮಣ್ಣು ಹುಳಿ; ಅದಕ್ಕೆ ಸುಣ್ಣ ಹಾಕಬೇಕೆಂದು ರೈತರನ್ನು ಒಪ್ಪಿಸಿ, ಒಂದು ಟ್ರೈಲರ್ ತುಂಬ ಸುಣ್ಣದ ಚೀಲ ಹೇರಿಸಿ, ಗುಡ್ಡದಾಚೆಯ ಹಳ್ಳಿಗೆ ಹೊರಟೆ. ಅಲ್ಲಿಗೆ ಎರಡು ದಾರಿಗಳಿದ್ದವು. ಡಾಂಬರು ರಸ್ತೆಯಲ್ಲಿ ಸುತ್ತಿ ಹೋದರೆ ಒಂಬತ್ತು ಕಿಲೋಮೀಟರ್, ಗುಡ್ಡವನ್ನು ಹತ್ತಿ ಇಳಿಯುವ ಜಲ್ಲಿ ದಾರಿಯಲ್ಲಿ ನಾಲ್ಕು. "ಸಾರ್, ಸುತ್ತಿನ ದಾರಿಯೇ ವಾಸಿ" ಎಂದು ಟ್ರ್ಯಾಕ್ಟರ್ ಓಡಿಸುವವರು ಹೇಳಿದರು. ಸಂಜೆಯಾಗುತ್ತಿತ್ತು. ನಾನು ನಕ್ಷೆಯನ್ನು ತೋರಿಸಿ ನಾಲ್ಕು ಕಿಲೋಮೀಟರಿನ ದಾರಿಯನ್ನೇ ಹಿಡಿಸಿದೆ.

ಮೂರನೆಯ ತಿರುವಿನಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ಜಲ್ಲಿಯ ಮೇಲೆ ಸುಮ್ಮನೆ ತಿರುಗತೊಡಗಿದವು. ಚೀಲಗಳನ್ನು ಇಳಿಸಲು ಅನುಕೂಲವಾಗಲೆಂದು ನಾವು ಹೆಚ್ಚಿನ ಭಾರವನ್ನು ಟ್ರೈಲರಿನ ಹಿಂಬದಿಗೆ ಹೇರಿದ್ದೆವು. ಏರಿನಲ್ಲಿ ಆ ಭಾರ ಕೊಂಡಿಯನ್ನು ಮೇಲಕ್ಕೆತ್ತಿತು. ಟ್ರ್ಯಾಕ್ಟರಿನ ಗಾಲಿಗೆ ನೆಲದ ಹಿಡಿತ ತಪ್ಪಿತು. ಗಾಡಿ ಹಿಂದಕ್ಕೆ ಜಾರಿತು. ಮೇಲೆ ಕುಳಿತಿದ್ದ ಹುಡುಗನೊಬ್ಬ ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಟ್ಟ. ಕಲ್ಲು ನಿಂತಿತು, ಗಾಡಿಯೂ ನಿಂತಿತು. ಆದರೆ ನಿಲ್ಲುವ ಮುನ್ನ ಗಾಲಿ ಅವನ ಎಡಪಾದದ ಮೇಲೆ ಹತ್ತಿತ್ತು. ಮೂರು ಬೆರಳುಗಳು ಹೋದವು. ಉಳಿಸಿದ್ದು ಐದು ಕಿಲೋಮೀಟರ್.

ಅಂದಿನಿಂದ ಯಾವ ದಾರಿಯನ್ನೂ ಉದ್ದದಿಂದ ಅಳೆಯುವ ಅಭ್ಯಾಸವನ್ನು ಬಿಟ್ಟಿದ್ದೇನೆ. ಹಾಗಾದರೆ ಯಾವುದರಿಂದ ಅಳೆಯಬೇಕು? ಐದು ಸಂಗತಿಗಳನ್ನು ಹೇಳುತ್ತೇನೆ: ಏರು, ತಿರುವು, ನಿಲ್ಲುವ ತಾಣ, ನೀರು, ಹಾಗೂ ಆ ದಾರಿಯ ಮೇಲೆ ಬದುಕುವವರು.

ಏರು ಮತ್ತು ಇಳಿತ

ರಸ್ತೆಯ ಏರನ್ನು "ಇಷ್ಟಕ್ಕೆ ಒಂದು" ಎಂದು ಹೇಳುವ ವಾಡಿಕೆ. ಇಪ್ಪತ್ತಕ್ಕೆ ಒಂದು ಎಂದರೆ ಇಪ್ಪತ್ತು ಮೀಟರ್ ಮುಂದೆ ಸಾಗಿದಾಗ ಒಂದು ಮೀಟರ್ ಮೇಲೇರುತ್ತೇವೆ ಎಂದರ್ಥ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾನದಂಡದಂತೆ ಗುಡ್ಡಗಾಡಿನ ರಸ್ತೆಯ ಸಾಮಾನ್ಯ ಏರು ಇಪ್ಪತ್ತಕ್ಕೆ ಒಂದು. ತೀರ ಕಡಿದಾದ ಪ್ರದೇಶದಲ್ಲಿ, ಬೇರೆ ದಾರಿಯೇ ಇಲ್ಲದಿದ್ದಾಗ, ಹನ್ನೆರಡೂವರೆಗೆ ಒಂದರವರೆಗೆ ಹೋಗಬಹುದು. ನಮ್ಮ ಹಳ್ಳಿಗಳ ಒಳದಾರಿಗಳು ಇದಕ್ಕಿಂತ ಕಡಿದಾಗಿರುವುದನ್ನು ನೀವೆಲ್ಲ ಕಂಡಿದ್ದೀರಿ.

ನಮ್ಮ ಜೀಪು ಮತ್ತು ಗಾಡಿ ಸೇರಿ ಮೂರು ಟನ್ ಎಂದಿಟ್ಟುಕೊಳ್ಳಿ. ಇಪ್ಪತ್ತಕ್ಕೆ ಒಂದರ ಏರಿನಲ್ಲಿ, ಸಮತಟ್ಟು ರಸ್ತೆಗಿಂತ 150 ಕಿಲೋ ಹೆಚ್ಚಿನ ಎಳೆತ ಬೇಕು. ಹನ್ನೆರಡೂವರೆಗೆ ಒಂದರಲ್ಲಿ ಅದು 240 ಕಿಲೋ ಆಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲುಮಾರ್ಗವನ್ನು ನೆನೆಯಿರಿ. ಅಲ್ಲಿ ಏರು ಐವತ್ತಕ್ಕೆ ಒಂದು. ರೈಲು ಅದಕ್ಕಿಂತ ಕಡಿದಾದುದನ್ನು ಸುಲಭವಾಗಿ ಹತ್ತಲಾರದು ಎಂಬ ಕಾರಣಕ್ಕಾಗಿ ಬೆಟ್ಟಗಳಲ್ಲಿ 57 ಸುರಂಗಗಳನ್ನು ಕೊರೆಯಬೇಕಾಯಿತು. ಎಳೆಯುವ ವಾಹನಕ್ಕೆ ಏರು ಎಷ್ಟು ದುಬಾರಿ ಎಂಬುದನ್ನು ಆ ಸುರಂಗಗಳೇ ಹೇಳುತ್ತವೆ.

ಏರು ಎಂಜಿನ್ನಿನ ಪರೀಕ್ಷೆಯಾದರೆ ಇಳಿತ ಬ್ರೇಕಿನ ಪರೀಕ್ಷೆ. ಎರಡರಲ್ಲಿ ಇಳಿತವೇ ಅಪಾಯಕಾರಿ. ಮೂರು ಟನ್ ಭಾರ 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ನಾಲ್ಕು ಯೂನಿಟ್ ವಿದ್ಯುತ್ತಿಗೆ ಸಮ. ನಲವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಗೇರು ತಗ್ಗಿಸದೆ ಬರೀ ಬ್ರೇಕ್ ಒತ್ತುತ್ತ ಇಳಿದರೆ ಅಷ್ಟು ಶಾಖವೂ ಬ್ರೇಕಿನಲ್ಲಿಯೇ ಸೇರಿಕೊಳ್ಳುತ್ತದೆ. ಸುಟ್ಟ ವಾಸನೆ ಬರುವುದು, ಆಮೇಲೆ ಬ್ರೇಕ್ ಹಿಡಿಯದಿರುವುದು ಇದರಿಂದಲೇ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಘಟ್ಟದ ಚಾಲಕರ ಹಳೆಯ ಪಾಠ. ನನ್ನ ಅಜ್ಜ ಹೇಳುತ್ತಿದ್ದಂತೆ, ಎತ್ತಿನ ಗಾಡಿಯ ಕಾಲದಲ್ಲಿ ಇಳಿಜಾರಿನಲ್ಲಿ ಗಾಡಿಯ ಹಿಂದೆ ಮರದ ದಿಮ್ಮಿಯನ್ನು ಕಟ್ಟಿ ಎಳೆಸುತ್ತಿದ್ದರು. ಕೆಳಗಿಳಿಯುವ ಭಾರ ಎತ್ತಿನ ಕುತ್ತಿಗೆಯ ಮೇಲೆ ಬೀಳಬಾರದೆಂಬ ವಿವೇಕ ಅದು.

ಭಾರ ಹೇರುವ ಕ್ರಮವನ್ನೂ ಆ ಗಾಡಿಯಿಂದಲೇ ಕಲಿಯಬೇಕು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಇಂದಿನ ಎಳೆಗಾಡಿಗಳಿಗೂ ಅದೇ ಸೂತ್ರ. ಗಾಡಿಯ ಒಟ್ಟು ತೂಕದ ನೂರಕ್ಕೆ ಐದರಿಂದ ಏಳರಷ್ಟು ಕೊಂಡಿಯ ಮೇಲೆ ಒತ್ತುತ್ತಿರಬೇಕು. 1,200 ಕಿಲೋ ತೂಕದ ನಮ್ಮ ಗಾಡಿಗೆ ಅದು 60ರಿಂದ 84 ಕಿಲೋ. ಅಂದು ನಮ್ಮ ಸುಣ್ಣದ ಗಾಡಿಯಲ್ಲಿ ತಪ್ಪಿದ್ದು ಇದೇ ಲೆಕ್ಕ.

ವಿದ್ಯಾರ್ಥಿಗಳೇ, ಏರನ್ನು ಹೊರಡುವ ಮೊದಲೇ ಅಳೆಯಬಹುದು. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಸಮೋನ್ನತ ರೇಖೆಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮೀಟರ್. ರಸ್ತೆಯ ಮೇಲೆ ದಾರವನ್ನಿಟ್ಟು ಅಳೆಯಿರಿ. ಅದು ಎಷ್ಟು ರೇಖೆಗಳನ್ನು ದಾಟುತ್ತದೆ ಎಂದು ಎಣಿಸಿರಿ. ಒಂದು ಕಿಲೋಮೀಟರಿನಲ್ಲಿ ನಾಲ್ಕು ರೇಖೆಗಳನ್ನು ದಾಟಿದರೆ ಏರು 80 ಮೀಟರ್, ಅಂದರೆ ಹನ್ನೆರಡೂವರೆಗೆ ಒಂದು. ಅಲ್ಲಿ ಕೆಂಪು ಗುರುತು ಹಾಕಿರಿ. ಮೊಬೈಲಿನ ನಕ್ಷೆ ನಿಮಗೆ ಕಡಿಮೆ ಸಮಯದ ದಾರಿಯನ್ನು ತೋರಿಸುತ್ತದೆ. ನಿಮ್ಮ ಹಿಂದೆ ಒಂದು ಗಾಡಿ ಕಟ್ಟಿದೆ ಎಂಬುದು ಅದಕ್ಕೆ ತಿಳಿಯದು.

ತಿರುವಿನ ಗಣಿತ

ಎಳೆಗಾಡಿ ಮುಂದಿನ ವಾಹನದ ಜಾಡಿನಲ್ಲಿಯೇ ಬರುವುದಿಲ್ಲ. ತಿರುವಿನಲ್ಲಿ ಅದು ಒಳಮೈಗೆ ಸರಿಯುತ್ತದೆ. ಕೊಂಡಿಯಿಂದ ಗಾಡಿಯ ಅಚ್ಚಿಗೆ ನಾಲ್ಕು ಮೀಟರ್ ಇದೆ. ಕೊಂಡಿ ಹತ್ತು ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ ಎನ್ನಿ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಸೂತ್ರದಂತೆ ಅಚ್ಚಿನ ನಡುಬಿಂದು ಸುಮಾರು 9.2 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಅಂದರೆ ಗಾಡಿ ಮುಕ್ಕಾಲು ಮೀಟರಿಗೂ ಮಿಕ್ಕಿ ಒಳಕ್ಕೆ ಬಂದಿತು. ಆ ಮುಕ್ಕಾಲು ಮೀಟರಿನಲ್ಲಿ ಚರಂಡಿಯಿರಬಹುದು, ಕಲ್ಲುಕಂಬವಿರಬಹುದು, ಬದಿಗೆ ಸರಿದು ನಿಂತ ಶಾಲೆಯ ಮಗುವಿರಬಹುದು. ಅದನ್ನು ತಪ್ಪಿಸಲು ಚಾಲಕ ಹೊರಮೈಗೆ ಹಿಗ್ಗಿಸಿ ತಿರುಗಿಸಬೇಕು. ಆಗ ಎದುರಿನ ವಾಹನದ ಜಾಗವನ್ನು ಆಕ್ರಮಿಸುತ್ತಾನೆ.

ಹೇರ್‌ಪಿನ್ ತಿರುವುಗಳ ಒಳಬದಿಯ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು, ತಿರುವಿನೊಳಗೆ ಏರು ನಲವತ್ತಕ್ಕೆ ಒಂದನ್ನು ಮೀರಬಾರದು ಎಂದು ಅದೇ ಮಾನದಂಡ ಹೇಳುತ್ತದೆ. ಎತ್ತಿನ ಗಾಡಿಗಾಗಿ ಕಡಿದ, ಅನಂತರ ಡಾಂಬರು ಕಂಡ ನಮ್ಮ ಹಳೆಯ ದಾರಿಗಳಿಗೆ ಈ ಮಾನದಂಡ ಗೊತ್ತಿರಲಿಲ್ಲ. ಆಗುಂಬೆ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲಿ 27. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ದಾರಿಯಲ್ಲಿ 36. ಒಂಟಿ ಕಾರಿನ ಚಾಲಕನಿಗೆ ಇವು ಉಲ್ಲಾಸ ಕೊಡಬಹುದು. ಗಾಡಿ ಕಟ್ಟಿಕೊಂಡವನಿಗೆ ಪ್ರತಿ ತಿರುವೂ ಎದುರಿನವನೊಡನೆ ಮಾಡಿಕೊಳ್ಳಬೇಕಾದ ಒಂದು ಒಪ್ಪಂದ. ಒಪ್ಪಂದ ಮುರಿದರೆ ಹಿಂದಕ್ಕೆ ಸರಿಯಬೇಕು. ಗಾಡಿಯನ್ನು ಇಳಿಜಾರಿನ ತಿರುವಿನಲ್ಲಿ ಹಿಂದಕ್ಕೆ ಒಯ್ಯುವುದು ನುರಿತವರಿಗೂ ಕಷ್ಟ. ಕಿರಿದಾದ ಗುಡ್ಡದ ರಸ್ತೆಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಏರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ದುಸ್ತರ ಎಂಬುದೇ ಇದರ ಹಿಂದಿನ ಕಾರಣ.

ಪಡುವಣ ಗೋಡೆ, ಮೂಡಣ ಇಳುಕಲು

ಈಗ ನಮ್ಮ ಬೆಟ್ಟಗಳ ಆಕಾರವನ್ನು ಒಮ್ಮೆ ಗಮನಿಸೋಣ. ಪಶ್ಚಿಮ ಘಟ್ಟವೆಂಬುದು ಎರಡೂ ಕಡೆ ಸಮನಾಗಿ ಇಳಿಯುವ ಬೆಟ್ಟಸಾಲಲ್ಲ. ಅದು ಒಂದು ಪ್ರಸ್ಥಭೂಮಿಯ ಅಂಚು. ಪಡುವಣಕ್ಕೆ ಗೋಡೆಯಂತೆ ಕಡಿದು, ಮೂಡಣಕ್ಕೆ ನಿಧಾನವಾಗಿ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಕಲೇಶಪುರವೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿದೆ. ನಡುವಿನ ಇನ್ನೂರಕ್ಕೂ ಹೆಚ್ಚು ಕಿಲೋಮೀಟರುಗಳಲ್ಲಿ ಗಾಡಿಗೆ ಹೇಳಿಕೊಳ್ಳುವಂತಹ ಏರಿಲ್ಲ. ಸಕಲೇಶಪುರ ದಾಟಿದ ಮೇಲೆ ಶಿರಾಡಿಯಲ್ಲಿ ಕೆಲವೇ ಕಿಲೋಮೀಟರುಗಳಲ್ಲಿ ಆ ಎತ್ತರದ ಬಹುಭಾಗವನ್ನು ಕಳೆದುಕೊಳ್ಳುತ್ತೇವೆ.

ಇದರಿಂದ ಒಂದು ಸರಳ ನಿಯಮ ಹುಟ್ಟುತ್ತದೆ. ಬೆಟ್ಟವನ್ನು ಅದರ ಮೆದು ಬದಿಯಿಂದ ತಲುಪಬೇಕು. ಗೋಡೆಯನ್ನು ಆದಷ್ಟು ಕಡಿಮೆ ಸಲ ದಾಟಬೇಕು. ದಿಂಬಂ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅದರ ತಲೆಯ ಮೇಲಿರುವ ತಾಳವಾಡಿ ಸೀಮೆ ಆಡಳಿತದಲ್ಲಿ ತಮಿಳುನಾಡಿಗೆ ಸೇರಿದರೂ ಅಲ್ಲಿನ ಹಳ್ಳಿಗಳ ಮನೆಮಾತು ಬಹುಪಾಲು ಕನ್ನಡ. ತಮಿಳುನಾಡಿನ ಬಯಲಿನಿಂದ ಆ ಹಳ್ಳಿಗಳಿಗೆ ಹೋಗುವವರು 27 ತಿರುವುಗಳನ್ನು ಹತ್ತಬೇಕು. ನಾವು ಇಲ್ಲಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಹೋದರೆ ಆ ತಿರುವುಗಳಲ್ಲಿ ಒಂದನ್ನೂ ಮುಟ್ಟದೆ ತಲುಪುತ್ತೇವೆ.

ನಮ್ಮ ಪ್ರಯಾಣವನ್ನೂ ಹೀಗೆಯೇ ಎರಡು ಸುತ್ತುಗಳನ್ನಾಗಿ ಮಾಡಬೇಕೆಂಬುದು ನನ್ನ ಸಲಹೆ. ಮೊದಲನೆಯದು ಮೇಲಿನ ಸುತ್ತು: ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ. ಎರಡನೆಯದು ಕೆಳಗಿನ ಸುತ್ತು: ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ. ಎರಡರ ನಡುವೆ ಗೋಡೆಯನ್ನು ಇಳಿಯುವುದು ಒಂದು ಸಲ, ಹತ್ತುವುದು ಒಂದು ಸಲ.

ಎಲ್ಲಿ ದಾಟಬೇಕು? ಆಗುಂಬೆಯಿಂದ ಹೆಬ್ರಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ಮಾತ್ರ. ನೋಡಿದರೆ ಆಸೆಯಾಗುತ್ತದೆ. ಆದರೆ ಆ ತಿರುವುಗಳು ಎಳೆಗಾಡಿಗೆ ತಕ್ಕವಲ್ಲ; ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧವಿರುವುದು ಅಕಾರಣವಾಗಿ ಅಲ್ಲ. ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿಯೂ ತಿರುವಿನ ದಾರಿ. 2019ರ ಆಗಸ್ಟ್ ತಿಂಗಳ ಭೂಕುಸಿತಗಳಿಂದ ಅದು ಮುಚ್ಚಿಹೋದುದನ್ನು ನೀವು ಮರೆತಿರಲಾರಿರಿ. ಬಿಸಿಲೆಯ ದಾರಿ ಕಾಡಿನ ನಡುವಿನ ಕಿರುದಾರಿ. ಅದನ್ನು ಅದರ ಪಾಡಿಗೆ ಬಿಡುವುದೇ ಒಳಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿ ಸುಳ್ಯಕ್ಕೆ ನೇರವಾದರೂ ಮಡಿಕೇರಿಯವರೆಗೆ ಹತ್ತಿ ಅಲ್ಲಿಂದ ಇಳಿಯಬೇಕು, ಇಳಿತ ದೀರ್ಘ. ಉಳಿದದ್ದು ಶಿರಾಡಿ. ಅದು ರಾಷ್ಟ್ರೀಯ ಹೆದ್ದಾರಿ 75. ಅಗಲವಾಗಿದೆ, ತಿರುವುಗಳು ಹೆಚ್ಚು ಬಿಚ್ಚಿಕೊಂಡಿವೆ, ಉದ್ದವಾದ ಲಾರಿಗಳು ಓಡಾಡುತ್ತವೆ. ಲಾರಿಗಳ ದಟ್ಟಣೆಯೇ ಅದರ ದೋಷ. ನಸುಕಿನಲ್ಲಿ ಮಂಜು, ರಾತ್ರಿ ಲಾರಿಗಳ ಸಾಲು. ಆದುದರಿಂದ ಬಿಸಿಲೇರಿದ ಮೇಲೆ, ಬೆಳಗಿನ ಒಂಬತ್ತರಿಂದ ಹನ್ನೊಂದರ ನಡುವೆ ಇಳಿಯುವುದು ಮೇಲು. ಗುಂಡ್ಯದಿಂದ ಧರ್ಮಸ್ಥಳ, ಬೆಳ್ತಂಗಡಿ, ಕಾರ್ಕಳದ ಮೇಲೆ ಘಟ್ಟದ ಬುಡವನ್ನೇ ಹಿಡಿದು ಹೆಬ್ರಿಗೆ ಹೋಗಬಹುದು. ನೂರು ಕಿಲೋಮೀಟರಿಗಿಂತ ಹೆಚ್ಚಿನ ಸುತ್ತು. ಆದರೆ ಸುತ್ತಿನುದ್ದಕ್ಕೂ ಹಳ್ಳಿಗಳಿವೆ. ನಾವು ಹೊರಟಿರುವುದೇ ಹಳ್ಳಿಗಳಿಗೆ ಅಲ್ಲವೇ?

ಇದೇ ಪಾಠ ಈ ಸಭಾಂಗಣದ ಬಾಗಿಲಿನಲ್ಲಿಯೂ ಇದೆ. ಇಲ್ಲಿಂದ ತುಮಕೂರು ರಸ್ತೆಗೆ ನೇರವಾಗಿ ಹೋಗಬೇಕೆಂದರೆ ಸಿಲ್ಕ್ ಬೋರ್ಡ್ ಕಡೆಗೆ ತಿರುಗಿ ನಗರದ ಹೊಟ್ಟೆಯೊಳಗೆ ನುಗ್ಗಬೇಕು. ಗಾಡಿ ಕಟ್ಟಿಕೊಂಡವನು ಅದಕ್ಕೆ ಬೆನ್ನು ಹಾಕಿ, ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋಗಿ, ಅಲ್ಲಿಂದ ನೈಸ್ ರಸ್ತೆಯನ್ನು ಹಿಡಿದು ಊರನ್ನು ಬಳಸಿಕೊಂಡು ತುಮಕೂರು ರಸ್ತೆಯನ್ನು ಸೇರಿ, ನೆಲಮಂಗಲದಲ್ಲಿ ಹಾಸನದ ದಾರಿಗೆ ತಿರುಗಬೇಕು. ವಿರುದ್ಧ ದಿಕ್ಕಿಗೆ ಹೊರಟಂತೆ ಕಾಣುವುದೇ ಕೆಲವೊಮ್ಮೆ ಸರಿಯಾದ ದಿಕ್ಕು.

ನಿಲ್ಲುವ ತಾಣ

ದಾರಿಯನ್ನು ಆರಿಸುವವರು ಓಡುವುದರ ಬಗ್ಗೆ ಯೋಚಿಸುತ್ತಾರೆ. ನಿಲ್ಲುವುದರ ಬಗ್ಗೆ ಯೋಚಿಸುವುದಿಲ್ಲ. ಎಂಜಿನ್ ಕಾಯುತ್ತದೆ, ಬ್ರೇಕ್ ಆರಬೇಕು, ಹಿಂದೆ ಸಾಲುಗಟ್ಟಿದವರಿಗೆ ದಾರಿ ಬಿಡಬೇಕು. ಅದಕ್ಕೆಲ್ಲ ಗಾಡಿ ಸಹಿತ ಸರಿದು ನಿಲ್ಲುವ ತಾಣಗಳು ಬೇಕು. ಘಟ್ಟದಲ್ಲಿ ಇಂತಹ ತಾಣಗಳು ಸಿಗುವುದು ಎರಡೇ ಕಡೆ: ಪ್ರಪಾತದ ಅಂಚಿನಲ್ಲಿ, ಇಲ್ಲವೇ ಕಡಿದ ಗುಡ್ಡದ ಬುಡದಲ್ಲಿ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಡೆದುದನ್ನು ನೆನೆಯೋಣ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಕಡಿದ ಗುಡ್ಡದ ಬುಡದಲ್ಲಿ ಒಂದು ಚಹಾ ಅಂಗಡಿಯಿತ್ತು. ದೂರದಿಂದ ಬಂದ ಲಾರಿ ಚಾಲಕರು ಅಲ್ಲಿ ನಿಲ್ಲಿಸುತ್ತಿದ್ದರು. ಗುಡ್ಡ ಜಾರಿತು, ಅಂಗಡಿಯ ಕುಟುಂಬವೂ ಚಾಲಕರೂ ಮಣ್ಣಿನಲ್ಲಿ, ಗಂಗಾವಳಿ ನದಿಯಲ್ಲಿ ಕೊಚ್ಚಿಹೋದರು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರಿನಲ್ಲಿ. ಅವರು ಆರಿಸಿಕೊಂಡ ದಾರಿ ಅಗಲವಾದ ಹೆದ್ದಾರಿಯೇ ಆಗಿತ್ತು. ಅವರು ನಿಂತ ಜಾಗವನ್ನು ಅಷ್ಟು ಸಡಿಲಗೊಳಿಸಿದವರು ಬೇರೆ.

ಆದುದರಿಂದ ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಬಾರದು, ಅಲ್ಲಿ ರಾತ್ರಿ ಕಳೆಯುವುದಂತೂ ಕೂಡದು. ಗುಡ್ಡದ ಮೈಯಲ್ಲಿ ಹೊಸ ಬಿರುಕು, ವಾಲಿದ ಮರ, ಎಂದೂ ಇಲ್ಲದ ಕಡೆ ಒಸರುವ ಕೆಸರುನೀರು ಕಂಡರೆ ಅಲ್ಲಿಂದ ಕೂಡಲೇ ಹೊರಡಬೇಕು.

ನೀರಿನ ಲೆಕ್ಕ

ಇದು ನನ್ನ ವಿಷಯ. ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಣ್ಣು ಎಂಬುದು ಗಟ್ಟಿ ವಸ್ತುವಲ್ಲ. ಅದರ ನೂರು ಪಾಲಿನಲ್ಲಿ ನಲವತ್ತರಿಂದ ಐವತ್ತು ಪಾಲು ಬರಿಯ ರಂಧ್ರ. ಆ ರಂಧ್ರಗಳು ಪೂರ್ತಿ ತುಂಬಿದರೆ ಒಂದು ಘನ ಮೀಟರ್ ಮಣ್ಣಿನಲ್ಲಿ 400ರಿಂದ 500 ಲೀಟರ್ ನೀರು ನಿಲ್ಲುತ್ತದೆ. ಭಾರ ಹೆಚ್ಚುತ್ತದೆ, ಜೊತೆಗೆ ಕಣಗಳ ನಡುವಿನ ನೀರಿನ ಒತ್ತಡ ಅವುಗಳ ಹಿಡಿತವನ್ನು ಬಿಡಿಸುತ್ತದೆ. ಘಟ್ಟದಲ್ಲಿ ಬಂಡೆಯ ಮೇಲೆ ಮೀಟರುಗಟ್ಟಲೆ ಕೊಳೆತ ಕಲ್ಲಿನ ಪದರವಿದೆ. ಇಳಿದ ನೀರು ಗಟ್ಟಿ ಬಂಡೆಯ ಮೇಲೆ ಹರಿದು ಬದಿಯಿಂದ ಹೊರಬರುತ್ತದೆ. ಸಹಸ್ರಾರು ವರ್ಷಗಳಲ್ಲಿ ಗುಡ್ಡ ತನಗೆ ತಕ್ಕ ಇಳಿಜಾರನ್ನು ಕಂಡುಕೊಂಡಿರುತ್ತದೆ. ನಾವು ರಸ್ತೆಗಾಗಿ ಅದರ ಪಾದವನ್ನು ನೆಟ್ಟಗೆ ಕಡಿಯುತ್ತೇವೆ. ಮುಂದಿನ ದೊಡ್ಡ ಮಳೆಯಲ್ಲಿ ಗುಡ್ಡ ತನ್ನ ಹಳೆಯ ಇಳಿಜಾರನ್ನು ಹುಡುಕಿಕೊಂಡು ಕೆಳಗೆ ಬರುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನಲ್ಲಿ, 2024ರ ಜುಲೈಯಲ್ಲಿ ಶಿರಾಡಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ರಸ್ತೆಗೆ ಬಂದುದನ್ನು ಕಂಡಿದ್ದೇವೆ. ನಾನು ಈಗಷ್ಟೇ ಒಳ್ಳೆಯ ದಾರಿ ಎಂದ ಶಿರಾಡಿಯೂ ಇದಕ್ಕೆ ಹೊರತಲ್ಲ.

ಆಗುಂಬೆಯ ವಾರ್ಷಿಕ ಮಳೆ 7,000 ಮಿಲಿಮೀಟರಿಗಿಂತ ಹೆಚ್ಚು. ಬೆಂಗಳೂರಿನದು ಸಾವಿರದ ಆಸುಪಾಸು. ನಗರದಲ್ಲಿ ಕುಳಿತು ಮಳೆಯನ್ನು ಊಹಿಸಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಡಿ ಹೊರಡಬಾರದು ಎಂಬುದೇ ನನ್ನ ಖಚಿತ ಮಾತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೊರಡಲಿ. ಮಣ್ಣು ಪರೀಕ್ಷೆಗೂ ಅದೇ ಒಳ್ಳೆಯ ಕಾಲ. ಮುಂಗಾರಿಗೆ ಮೊದಲು ಸುಣ್ಣ, ಗೊಬ್ಬರದ ಲೆಕ್ಕ ರೈತನ ಕೈಗೆ ಸಿಗುತ್ತದೆ.

ದಾರಿಯ ಮೇಲೆ ಬದುಕುವವರು

ಕೊನೆಯ ಸಂಗತಿ. ಯಾವ ದಾರಿಯೂ ಪ್ರಯಾಣಿಕನದು ಮಾತ್ರವಲ್ಲ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿರ್ಬಂಧ 2009ರಿಂದ ಇದೆ. ದಿಂಬಂ ದಾರಿಗೂ 2022ರ ಫೆಬ್ರವರಿಯಲ್ಲಿ ರಾತ್ರಿ ನಿರ್ಬಂಧ ಬಂದಿತು. ಆನೆಯೂ ಚಿರತೆಯೂ ಆ ದಾರಿಯ ಹಕ್ಕುದಾರರೇ. ರಾತ್ರಿಯ ಪ್ರಯಾಣವನ್ನು ಲೆಕ್ಕದಿಂದಲೇ ತೆಗೆದುಹಾಕಿರಿ.

ಗಾಲಿಗೆ ಅಂಟಿದ ಮಣ್ಣನ್ನೂ ಮರೆಯಬೇಡಿ. ಕಾಳುಮೆಣಸಿನ ಸೊರಗು ರೋಗದ ರೋಗಾಣು ಮಣ್ಣಿನಲ್ಲಿ ಬದುಕುತ್ತದೆ. ಪಾರ್ಥೇನಿಯಂ ಬೀಜ ಕೆಸರಿನೊಂದಿಗೆ ಊರೂರು ಸುತ್ತುತ್ತದೆ. ರೈತನಿಗೆ ನೆರವಾಗಲು ಹೋದ ಗಾಡಿಯೇ ಒಂದು ತೋಟದ ರೋಗವನ್ನು ಇನ್ನೊಂದು ತೋಟಕ್ಕೆ ಹೊತ್ತೊಯ್ಯಬಾರದು. ಗಾಡಿ ಡಾಂಬರು ರಸ್ತೆಯ ಬದಿಯ ಶಾಲೆಯ ಮೈದಾನದಲ್ಲಿ ನಿಲ್ಲಲಿ. ರೈತರು ತಮ್ಮ ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು ಅಲ್ಲಿಗೆ ಬರಲಿ. ತೋಟದ ಒಳಗೆ ಹೋಗಬೇಕಾದಾಗ ನಾವು ನಡೆದು ಹೋಗೋಣ. ಹಳ್ಳಿ ಬಿಡುವಾಗ ಗಾಲಿ ತೊಳೆಯೋಣ. ಗಾಡಿಯ ಕೊಳಕು ನೀರನ್ನು ಹಳ್ಳಕ್ಕೆ ಬಿಡದಿರೋಣ.

ಬಂಧುಗಳೇ, ಮಾತಿನ ಸಾರವನ್ನು ಹೇಳಿ ಮುಗಿಸುತ್ತೇನೆ. ದಾರಿಗೆ ತಕ್ಕ ಗಾಡಿಯನ್ನು ಆರಿಸಿಕೊಳ್ಳುವುದು ಒಂದು ಬಗೆ. ಗಾಡಿಗೆ ತಕ್ಕಂತೆ ದಾರಿಯನ್ನು ಅಗಲಿಸಿ ಎಂದು ಕೇಳುವುದು ಇನ್ನೊಂದು ಬಗೆ. ಇಂದು ಕ್ಯಾರವಾನ್ ಬರಲಿ ಎನ್ನುವವರು ನಾಳೆ ಆಗುಂಬೆಯ ತಿರುವುಗಳು ಸಾಲವು, ಗುಡ್ಡ ಕಡಿಯಿರಿ ಎಂದಾರು. ಘಟ್ಟದ ಕೆಳಗಿನ ರೋಗಿಗೆ ಆಸ್ಪತ್ರೆ ತಲುಪಲು ಒಳ್ಳೆಯ ರಸ್ತೆ ಬೇಕು; ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅಲ್ಲಗಳೆಯುವ ಹಕ್ಕೂ ನನಗಿಲ್ಲ. ಆದರೆ ಒಂದೆರಡು ದಾರಿಗಳನ್ನು ಗಟ್ಟಿಯಾಗಿ, ಚರಂಡಿ ಸಹಿತ, ಗುಡ್ಡದ ಇಳಿಜಾರನ್ನು ಗೌರವಿಸಿ ಕಟ್ಟುವುದು ಬೇರೆ. ಪ್ರತಿಯೊಂದು ಕಿರುದಾರಿಯನ್ನೂ ದೊಡ್ಡ ವಾಹನಕ್ಕಾಗಿ ಕಡಿಯುವುದು ಬೇರೆ. ನಾವು ನೂರು ಕಿಲೋಮೀಟರ್ ಸುತ್ತಿ ಹೋಗಲು ಒಪ್ಪಿದರೆ ಒಂದು ಗುಡ್ಡ ತನ್ನ ಪಾದವನ್ನು ಉಳಿಸಿಕೊಳ್ಳುತ್ತದೆ.

ಪಾದದ ಮಾತು ಬಂದುದರಿಂದ ಕೊನೆಯದಾಗಿ ಒಂದು ವಿಷಯ. ಅಂದು ಗಾಲಿಗೆ ಕಲ್ಲು ಕೊಟ್ಟ ಆ ಹುಡುಗ ಇಂದು ಮನೆ, ಮಕ್ಕಳು, ಒಂದೆಕರೆ ತೋಟವುಳ್ಳ ಗೃಹಸ್ಥರು. ನಮ್ಮ ಗಾಡಿ ಹೊರಡುವ ವಾರದ ಮೊದಲು ಪ್ರತಿ ಹಳ್ಳಿಯ ದಾರಿಯನ್ನೂ ನೋಡಿ ಬರುವ ಹೊಣೆಯನ್ನು ಅವರು ಹೊತ್ತಿದ್ದಾರೆ. ಅವರು "ಬೇಡ" ಎಂದ ದಾರಿಯಲ್ಲಿ ಗಾಡಿ ಹೋಗುವುದಿಲ್ಲ. ಆಗ ನಾನು ನಕ್ಷೆಯನ್ನು ತೋರಿಸಿ ವಾದಿಸುವುದಿಲ್ಲ ಎಂದು ಈ ಸಭೆಯ ಮುಂದೆ ಮಾತು ಕೊಡುತ್ತೇನೆ.